ಐದು ಆ್ಯಪ್, ಒಂದು ಟಿವಿ: ಮೈಸೂರಿನ ಮನೆಯೊಂದು ಓಟಿಟಿ ಬಿಟ್ಟ ಪ್ರಕರಣ

ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಇರುವವರು ಇಬ್ಬರು. ಮಾವ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಮೂಲತಃ ಸಾಗರದ ಕಡೆಯವರು. ಅತ್ತೆ ನನ್ನ ಅಪ್ಪನ ಅಕ್ಕ. ಮಗಳು, ಅಳಿಯ ಮತ್ತು ಶಾಲೆಗೆ ಹೋಗುವ ಮೊಮ್ಮಗಳು ಬೆಂಗಳೂರಿನಲ್ಲಿದ್ದಾರೆ, ರಜೆ ಸಿಕ್ಕಾಗ ಬರುತ್ತಾರೆ. ಹಾಲಿನಲ್ಲಿ ಒಂದು ಸ್ಮಾರ್ಟ್ ಟಿವಿ ಇದೆ. ಫೈಬರ್ ಇಂಟರ್ನೆಟ್ ಇದೆ. ಅತ್ತೆಯ ಧಾರಾವಾಹಿಗೆಂದು ಉಳಿಸಿಕೊಂಡ ಕೇಬಲ್ ಇದೆ. ಇವುಗಳ ಜೊತೆಗೆ ಮಗಳು ಒಂದೊಂದಾಗಿ ಹಾಕಿಸಿಕೊಟ್ಟ ಐದು ಓಟಿಟಿ ಆ್ಯಪ್‌ಗಳಿದ್ದವು.

2025ರಲ್ಲಿ ಆ ಐದನ್ನೂ ಅವರು ಬಿಟ್ಟರು. ದುಡ್ಡಿಲ್ಲ ಅಂತ ಅಲ್ಲ. ಪೆನ್ಷನ್ ಬರುತ್ತದೆ, ಸಾಲದ್ದಕ್ಕೆ ಮಗಳು ಬೇಡ ಅಂದರೂ ಕಟ್ಟುತ್ತಾಳೆ. ಹಾಗಾದರೆ ಯಾಕೆ ಬಿಟ್ಟರು, ಬದಲಿಗೆ ಏನು ಹಿಡಿದರು, ಅದರಲ್ಲಿ ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು ಅನ್ನುವುದೇ ಇಲ್ಲಿನ ವಿಷಯ. ಈ ಮನೆಗೆ ಕಾಟ ಕೊಟ್ಟ ಆ್ಯಪ್‌ಗಳ ಹೆಸರು ಬರೆಯುವುದಿಲ್ಲ. ಒಂದು ಮನೆಯ ಅನುಭವ ಇಟ್ಟುಕೊಂಡು ಒಂದು ಕಂಪನಿಗೆ ತೀರ್ಪು ಕೊಡಬಾರದು. ಎಲ್ಲರಿಗೂ ಗೊತ್ತಿರುವ ಬೆಲೆ, ನಿಯಮಗಳ ಮಾತು ಬಂದಾಗ ಮಾತ್ರ ಹೆಸರು ಬರುತ್ತದೆ.

ಐದು ಸೇರಿದ್ದು ಹೇಗೆ

ಯಾರೂ ಒಂದೇ ದಿನ ಕೂತು ಐದು ಆ್ಯಪ್ ತೆಗೆದುಕೊಳ್ಳುವುದಿಲ್ಲ. ಇಲ್ಲೂ ಒಂದೊಂದಕ್ಕೆ ಒಂದೊಂದು ನೆಪ ಇತ್ತು. ಒಂದು ಕ್ರಿಕೆಟ್‌ಗೆ ಬಂತು. ಒಂದು ಆನ್‌ಲೈನ್ ಸಾಮಾನು ಬೇಗ ಬರಲಿ ಅಂತ ಕಟ್ಟಿದ ದುಡ್ಡಿನ ಜೊತೆ ಬಂತು. ಒಂದು ಅತ್ತೆ ತಪ್ಪಿಸಿಕೊಂಡ ಧಾರಾವಾಹಿಯ ಕಂತಿಗೆ, ಒಂದು ಮೊಮ್ಮಗಳ ಕಾರ್ಟೂನ್‌ಗೆ. ಕೊನೆಯದು ಲಾಕ್‌ಡೌನ್‌ನಲ್ಲಿ ಎಲ್ಲರೂ ಮಲಯಾಳಂ ಸಿನಿಮಾ ಹೊಗಳುತ್ತಿದ್ದಾಗ ನಾವೂ ನೋಡೋಣ ಅಂತ ಬಂದದ್ದು. ಒಂದೊಂದೂ ಬಂದಾಗ ಅಗ್ಗ ಅನ್ನಿಸಿತ್ತು.

ಅಗ್ಗವಾಗಿದ್ದದ್ದೂ ನಿಜವೇ. ಹಾಟ್‌ಸ್ಟಾರ್ ಶುರುವಾದದ್ದು 2015ರಲ್ಲಿ. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರೈಮ್ ವಿಡಿಯೋ ಭಾರತಕ್ಕೆ ಬಂದವು. ಆಮೇಲೆ ಬೆಲೆಗಳು ಅತ್ತಿತ್ತ ಓಡಾಡತೊಡಗಿದವು. 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ತನ್ನ ಸ್ಟ್ಯಾಂಡರ್ಡ್ ಪ್ಯಾಕನ್ನು 649ರಿಂದ 499ಕ್ಕೆ ಇಳಿಸಿತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಪ್ರೈಮ್ ವಾರ್ಷಿಕ ಶುಲ್ಕ 999ರಿಂದ 1,499ಕ್ಕೆ ಏರಿತು. 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್, ಒಂದೇ ಖಾತೆಯನ್ನು ಎರಡು ಮನೆಯವರು ಹಂಚಿಕೊಳ್ಳುವಂತಿಲ್ಲ ಎಂದಿತು. 2025ರ ಜೂನ್ 17ರಿಂದ ಪ್ರೈಮ್ ವಿಡಿಯೋದಲ್ಲಿ ಜಾಹೀರಾತು ಬಂತು. ಅದು ಬೇಡ ಅನ್ನುವವರು ವರ್ಷಕ್ಕೆ ಇನ್ನೂ 699 ಕಟ್ಟಬೇಕಾಯಿತು.

ಕ್ರಿಕೆಟ್ಟಿನದು ಇನ್ನೂ ಮಜವಾದ ಕಥೆ. 2023ರಿಂದ 2027ರವರೆಗಿನ ಐಪಿಎಲ್ ಡಿಜಿಟಲ್ ಹಕ್ಕನ್ನು ವಯಾಕಾಮ್18 ಕಂಪನಿ 23,758 ಕೋಟಿಗೆ ಕೊಂಡಿತು. 2023ರಲ್ಲಿ ಆ ಕಂಪನಿಯ ಆ್ಯಪ್ ಜಿಯೋಸಿನಿಮಾದಲ್ಲಿ ಪೂರ್ತಿ ಐಪಿಎಲ್ ಪುಕ್ಕಟೆ, ಅದೂ ಕನ್ನಡ ಕಾಮೆಂಟರಿ ಸಮೇತ. ಮುಂದೆ ಜಿಯೋಸಿನಿಮಾದವರು, ಹಾಟ್‌ಸ್ಟಾರ್‌ನವರು ಒಂದಾದರು. 2025ರ ಫೆಬ್ರವರಿ 14ಕ್ಕೆ ಜಿಯೋಹಾಟ್‌ಸ್ಟಾರ್ ಹುಟ್ಟಿತು, ಪುಕ್ಕಟೆ ಊಟ ಮುಗಿಯಿತು. ಆರ್‌ಸಿಬಿ ಕೊನೆಗೂ ಕಪ್ ಗೆದ್ದದ್ದು ಅದೇ ವರ್ಷ. ದುಡ್ಡು ಕಟ್ಟಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ ಬಿಡಿ.

ಒಟ್ಟು ಎಷ್ಟಾಗುತ್ತದೆ ಅಂತ ನೋಡೋಣ. 2025ರ ಪಟ್ಟಿ ಬೆಲೆಯಲ್ಲಿ ನೆಟ್‌ಫ್ಲಿಕ್ಸ್ ಸ್ಟ್ಯಾಂಡರ್ಡ್ ವರ್ಷಕ್ಕೆ 5,988, ಪ್ರೈಮ್ 1,499, ಜಿಯೋಹಾಟ್‌ಸ್ಟಾರ್ ಪ್ರೀಮಿಯಂ 1,499. ಈ ಮೂರಕ್ಕೇ 8,986 ರೂಪಾಯಿ. ಕನ್ನಡ ಧಾರಾವಾಹಿ, ಸಿನಿಮಾಗಳಿಗೆಂದು ಇನ್ನೊಂದೆರಡು ಆ್ಯಪ್ ಸೇರಿಸಿದರೆ ಹತ್ತು ಸಾವಿರ ದಾಟುತ್ತದೆ. ಇಂಟರ್ನೆಟ್ ಬಿಲ್ಲು, ಕೇಬಲ್ ಬಿಲ್ಲು ಬೇರೆ.

ಮನೆಯಲ್ಲಿ ಆದದ್ದು

ಮೊದಲ ಕಿರಿಕಿರಿ ದುಡ್ಡಿನದಲ್ಲ, ಹುಡುಕಾಟದ್ದು. ಅತ್ತೆಗೆ ಯಾರೋ ಒಂದು ಹೊಸ ಕನ್ನಡ ಸಿನಿಮಾ ಚೆನ್ನಾಗಿದೆ ಅಂತ ಹೇಳುತ್ತಾರೆ. ಅದು ಯಾವ ಆ್ಯಪ್‌ನಲ್ಲಿದೆ ಗೊತ್ತಿಲ್ಲ. ಒಂದೊಂದನ್ನೇ ತೆರೆದು ಹುಡುಕಬೇಕು. ರಿಮೋಟಿನ ಬಾಣದ ಗುಂಡಿ ಒತ್ತುತ್ತಾ ಇಂಗ್ಲಿಷ್ ಅಕ್ಷರ ಒಂದೊಂದಾಗಿ ಆರಿಸಬೇಕು. ಕನ್ನಡ ಹೆಸರನ್ನು ಇಂಗ್ಲಿಷಿನಲ್ಲಿ ಅವರು ಹೇಗೆ ಬರೆದಿದ್ದಾರೋ ಯಾರಿಗೆ ಗೊತ್ತು? ಟಿ ಆದಮೇಲೆ ಎಚ್ ಇದೆಯೋ ಇಲ್ಲವೋ, ಎ ಒಂದೋ ಎರಡೋ. ಮೈಕಿನಲ್ಲಿ ಹೇಳಿದರೆ ಅದು ಹಿಂದಿ ಹೆಸರೊಂದನ್ನು ಹಿಡಿದು ತರುತ್ತದೆ. ಐದೂ ಕಡೆ ನೋಡಿ ಮುಗಿಯುವ ಹೊತ್ತಿಗೆ ಅತ್ತೆಗೆ ಒಂಬತ್ತೂವರೆ, ನಿದ್ದೆ.

ಕನ್ನಡ ವಿಭಾಗ ಅಂತ ಒಂದು ಸಾಲು ಇರುತ್ತದೆ. ಅದನ್ನು ತೆರೆದರೆ ಅಲ್ಲಿರುವುದರಲ್ಲಿ ಎಷ್ಟೋ ಡಬ್ ಆದ ಸಿನಿಮಾಗಳು. ಡಬ್ಬಿಂಗ್ ಬಗ್ಗೆ ನನಗೆ ತಕರಾರಿಲ್ಲ. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್ ನಡೆಯಲು ಬಿಟ್ಟಿರಲಿಲ್ಲ. 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪು ಕೊಟ್ಟ ಮೇಲೆ ಬಾಗಿಲು ತೆರೆಯಿತು. ಅದರಿಂದ ಅತ್ತೆಯಂಥವರಿಗೆ ಲಾಭವೇ ಆಯಿತು. ಆದರೆ ಡಬ್ ಆದ ಧ್ವನಿ ತಾನಾಗಿ ಬರುವುದಿಲ್ಲ. ಸಿನಿಮಾ ಶುರುಮಾಡಿ, ಕೆಳಗಿನ ಗುಂಡಿಗೆ ಹೋಗಿ, ಆಡಿಯೋ ಪಟ್ಟಿ ತೆರೆದು ಕನ್ನಡ ಆರಿಸಬೇಕು. ಅಲ್ಲಿ ಕನ್ನಡ ಇದೆ ಅಂತ ಅತ್ತೆಗೆ ಎರಡು ವರ್ಷ ಗೊತ್ತೇ ಇರಲಿಲ್ಲ. ಅಷ್ಟೂ ದಿನ ಇಂಗ್ಲಿಷ್ ಸಿನಿಮಾವನ್ನು ಮಾವನ ಅನುವಾದದಲ್ಲಿ ನೋಡಿದ್ದರು. ಮಾವನ ಅನುವಾದ ಮೂಲಕ್ಕಿಂತ ಚಿಕ್ಕದು, ಜಾಸ್ತಿ ನೇರ.

ಎರಡನೆಯದು, ನೋಡುತ್ತಿದ್ದದ್ದು ಮಾಯವಾಗುವುದು. ಮಾವ ಒಂದು ಇತಿಹಾಸದ ಸರಣಿಯನ್ನು ದಿನಕ್ಕೊಂದು ಕಂತಿನಂತೆ ನೋಡುತ್ತಿದ್ದರು. ಒಂದು ಸಂಜೆ ನೋಡಿದರೆ ಅದು ಪಟ್ಟಿಯಲ್ಲೇ ಇಲ್ಲ. ಪರವಾನಗಿಯ ಅವಧಿ ಮುಗಿದಿತ್ತು. ಓಟಿಟಿಯಲ್ಲಿ ಇರುವ ಬಹುಪಾಲು ಸರಕು ಆ ಕಂಪನಿಯದ್ದಲ್ಲ. ಇಷ್ಟು ವರ್ಷಕ್ಕೆ ಅಂತ ಹಕ್ಕು ತಂದಿರುತ್ತಾರೆ, ವಾಯಿದೆ ಮುಗಿದರೆ ತೆಗೆಯುತ್ತಾರೆ. ದೊಡ್ಡ ಮಟ್ಟದಲ್ಲೂ ಹೀಗೆ ಆಗಿದೆ. ಅಮೆರಿಕದ ಎಚ್‌ಬಿಒ ಸರಣಿಗಳು 2023ರ ಮಾರ್ಚ್ 31ಕ್ಕೆ ಹಾಟ್‌ಸ್ಟಾರ್‌ನಿಂದ ಹೋದವು. ಅದೇ ವರ್ಷ ಜಿಯೋಸಿನಿಮಾಕ್ಕೆ ಬಂದವು. 2025ರಲ್ಲಿ ಎರಡೂ ಒಂದಾದಾಗ ಮತ್ತೆ ಜಿಯೋಹಾಟ್‌ಸ್ಟಾರ್‌ಗೆ ಸೇರಿದವು. ಸರಣಿಗಳು ಎರಡು ವರ್ಷ ಊರು ಸುತ್ತಿ ಹೊರಟಲ್ಲಿಗೇ ಬಂದಂತಾಯಿತು. ನಡುವೆ ಅವುಗಳ ಹಿಂದೆ ಓಡಿದ್ದು ದುಡ್ಡು ಕಟ್ಟಿದವರು.

ಮೂರನೆಯದು ಆಟೋಪೇ, ಅಂದರೆ ಅವಧಿ ಮುಗಿದಾಗ ಮುಂದಿನ ದುಡ್ಡು ತಾನಾಗಿ ಕಡಿತವಾಗುವ ಏರ್ಪಾಡು. ಒಂದು ಆ್ಯಪ್ ಬೇಡ ಅಂತ ಮಾವ, ಮಗಳು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಆದರೂ ವರ್ಷದ ದುಡ್ಡು ಮತ್ತೆ ಕಡಿತವಾಯಿತು. ಇಲ್ಲಿ ನಿಯಮ ಮುರಿದವರು ಯಾರೂ ಇಲ್ಲ. 2021ರ ಅಕ್ಟೋಬರ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು. ತಿಳಿಸಿದ್ದರು. ಕಾರ್ಡ್ ಮಗಳದ್ದು, ಹಾಗಾಗಿ ಸಂದೇಶ ಅವಳ ಫೋನಿಗೆ ಹೋಗಿತ್ತು. ಸಾಲ ಬೇಕಾ, ಸೈಟು ಬೇಕಾ ಅನ್ನುವ ಇಪ್ಪತ್ತು ಸಂದೇಶಗಳ ನಡುವೆ ಇಂಗ್ಲಿಷಿನ ಒಂದು ಸಾಲು. ಅವಳು ಆಫೀಸಿನಲ್ಲಿದ್ದಳು. ನೋಡುವವರು ಮೈಸೂರಿನಲ್ಲಿ, ಕಟ್ಟುವವರು ಬೆಂಗಳೂರಿನಲ್ಲಿ. ಎಚ್ಚರಿಕೆ ಬರಬೇಕಾದ್ದು ಬೇಡ ಅಂದವರಿಗೆ, ಬಂದದ್ದು ಇನ್ನೊಬ್ಬರಿಗೆ. ನಿಯಮ ಬರೆದವರು ಒಬ್ಬರೇ ನೋಡಿ ಒಬ್ಬರೇ ಕಟ್ಟುವ ಮನೆಯನ್ನು ಕಣ್ಣಮುಂದೆ ಇಟ್ಟುಕೊಂಡಿರಬೇಕು. ನಮ್ಮಲ್ಲಿ ಅಂಥ ಮನೆ ಎಷ್ಟಿವೆ?

ರದ್ದು ಮಾಡಲು ಹೋದಾಗ ಟಿವಿಯಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ. ವೆಬ್‌ಸೈಟಿಗೆ ಹೋಗಿ, ಖಾತೆ ತೆರೆದು, 'ಖಂಡಿತವಾಗಿಯೂ ಬಿಡುತ್ತೀರಾ' ಅನ್ನುವ ಪುಟಗಳನ್ನು ದಾಟಬೇಕಿತ್ತು. ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ತಂದಿದೆ. ಗ್ರಾಹಕರನ್ನು ಯಾಮಾರಿಸುವ 13 ವಿಧಾನಗಳನ್ನು ಅದು ಹೆಸರಿಸುತ್ತದೆ. ಸೇರುವುದು ಸುಲಭ, ಬಿಡುವುದು ಕಷ್ಟ ಮಾಡುವ 'ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್' ಅದರಲ್ಲೊಂದು. ದೂರು ಕೊಡಲು 1915 ಅನ್ನುವ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಮಗಳು ಕಂಪನಿಗೆ ಒಂದು ಮೇಲ್ ಹಾಕಿದಳು. ಕಟ್ಟಿದ ದುಡ್ಡು ವಾಪಸ್ ಕೊಡುವುದಿಲ್ಲ, ವರ್ಷ ಮುಗಿಯುವವರೆಗೆ ನೋಡಬಹುದು ಅನ್ನುವ ಉತ್ತರ ಬಂತು. ಅಲ್ಲಿಗೇ ಬಿಟ್ಟಳು. ಎಲ್ಲರೂ ಹೀಗೇ ಬಿಡುತ್ತಾರೆ, ಅಲ್ವಾ?

ಮೇಷ್ಟ್ರ ಭಾಗಾಕಾರ

ಈ ಕಡಿತದ ಮೇಲೆ ಮಾವ ಡೈರಿ ತೆಗೆದರು. ಆ ಹಿಂದಿನ ಒಂದು ವರ್ಷದಲ್ಲಿ ಯಾವ ಆ್ಯಪ್‌ನಲ್ಲಿ ಏನೇನು ಪೂರ್ತಿ ನೋಡಿದ್ದೇವೆ ಅಂತ ಆ್ಯಪ್‌ಗಳ ಇತಿಹಾಸ ಪುಟದಿಂದಲೇ ಬರೆದುಕೊಂಡರು. ಅರ್ಧಕ್ಕೆ ಬಿಟ್ಟದ್ದು ಲೆಕ್ಕಕ್ಕಿಲ್ಲ. ಆಮೇಲೆ ಸುಮ್ನೆ ಭಾಗಿಸಿದರು. ವರ್ಷಕ್ಕೆ ಸಾವಿರದೈನೂರು ಕಟ್ಟಿದ ಒಂದು ಆ್ಯಪ್‌ನಲ್ಲಿ ಪೂರ್ತಿ ನೋಡಿದ್ದು ಎರಡು ಸಿನಿಮಾ. ಒಂದಕ್ಕೆ ಏಳುನೂರೈವತ್ತು ಬಿತ್ತು. ಇನ್ನೊಂದರಲ್ಲಿ ಐದು ಸಿನಿಮಾ, ಮತ್ತೊಂದರಲ್ಲಿ ಮೊಮ್ಮಗಳ ಕಾರ್ಟೂನ್ ಬಿಟ್ಟರೆ ಏನೂ ಇಲ್ಲ. ಕ್ರಿಕೆಟ್ ಆ್ಯಪ್ ಮಾತ್ರ ಐಪಿಎಲ್ಲಿನ ಎರಡು ತಿಂಗಳು ಕೊಟ್ಟ ದುಡ್ಡು ಹುಟ್ಟಿಸಿತ್ತು. ಉಳಿದ ಹತ್ತು ತಿಂಗಳು ಮಲಗಿತ್ತು.

ಹಾಗಾದರೆ ಟಿವಿ ದಿನಾ ಓಡುತ್ತಿದ್ದದ್ದು ಯಾವುದರಿಂದ? ಸಂಜೆ ಏಳರಿಂದ ಒಂಬತ್ತೂವರೆ ಅತ್ತೆಯ ಧಾರಾವಾಹಿ, ಅದು ಕೇಬಲ್. ಮಧ್ಯಾಹ್ನ ಮಾವನ ಹಳೇ ಕನ್ನಡ ಸಿನಿಮಾ, ತಾಳಮದ್ದಳೆ, ಗಮಕ, ಅದು ಯೂಟ್ಯೂಬ್. ಐದು ಆ್ಯಪ್‌ಗಳಿದ್ದ ಮನೆ ದಿನವೂ ನೋಡುತ್ತಿದ್ದದ್ದು ಆರನೆಯದನ್ನು ಮತ್ತು ಏಳನೆಯದನ್ನು.

ನನ್ನ ಪ್ರಕಾರ ಪ್ರಕರಣದ ಗಂಟು ಇಲ್ಲಿದೆ. ಈ ಮನೆಗೆ ಬೇಕಾಗಿದ್ದದ್ದು ವಾರಕ್ಕೊಂದು ಸಿನಿಮಾ. ಹೆಚ್ಚೆಂದರೆ ಎರಡು. ಅದರಲ್ಲೂ ಕನ್ನಡದ್ದು. ಆ್ಯಪ್‌ಗಳು ಮಾರುತ್ತಿದ್ದದ್ದು ಒಂದು ವರ್ಷದ, ಎಲ್ಲ ಭಾಷೆಯ, ಎಲ್ಲ ಸರಕು. ಹಿಂದಿ, ಇಂಗ್ಲಿಷ್ ನೋಡುವ ಮನೆಗೆ ಅದು ಲಾಭವೇ. ಅವರಿಗೆ ಒಂದೇ ಆ್ಯಪ್‌ನಲ್ಲಿ ತಿಂಗಳಿಗಾಗುವಷ್ಟು ಸಿಗುತ್ತದೆ. ಕನ್ನಡ ನೋಡುವ ಮನೆಗೆ ಹಾಗಲ್ಲ. ಕನ್ನಡದಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಸಿನಿಮಾ ತೆರೆಕಂಡ ವರ್ಷಗಳಿವೆ. ಓಟಿಟಿಗಳು ಕೊಳ್ಳುವುದು ಅದರಲ್ಲಿ ಕೆಲವನ್ನು. ಅವೂ ಒಂದೊಂದು ಒಂದೊಂದು ಕಡೆ ಚದುರಿಹೋಗುತ್ತವೆ. ಹಾಗಾಗಿ ಕನ್ನಡದವರು ಐದು ಆ್ಯಪ್ ಕಟ್ಟಿ ಹಿಂದಿಯವರು ಒಂದರಲ್ಲಿ ಪಡೆಯುವುದಕ್ಕಿಂತ ಕಡಿಮೆ ಪಡೆಯುತ್ತಾರೆ. ಬೆಲೆ ಎಲ್ಲರಿಗೂ ಒಂದೇ.

ಮಾವ ಇದನ್ನು ತಮ್ಮದೇ ರೀತಿಯಲ್ಲಿ ಹೇಳಿದರು: "ಒಂದು ಕಾಫಿ ಕುಡಿಯೋಕೆ ಹೋದವನಿಗೆ ತಿಂಗಳ ಮೆಸ್ ಕೂಪನ್ ತಗೋ ಅಂದ್ರೆ ಹೆಂಗೋ?"

ಟಿವಿ ಚಾನೆಲ್‌ಗಳಲ್ಲೂ ಒಂದು ಕಾಲಕ್ಕೆ ಇದೇ ಗೋಳಿತ್ತು. ನೂರಾರು ಚಾನೆಲ್‌ಗಳ ಕಟ್ಟು ಕೊಳ್ಳಬೇಕಿತ್ತು. 2019ರಲ್ಲಿ ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೊಸ ಪದ್ಧತಿ ತಂದಿತು. ದುಡ್ಡು ಕೇಳುವ ಪ್ರತಿ ಚಾನೆಲ್ಲಿಗೂ ಬಿಡಿ ಬೆಲೆ ಇರಲೇಬೇಕು, ಬೇಕಾದವರು ಬೇಕಾದ್ದನ್ನು ಮಾತ್ರ ಆರಿಸಬಹುದು ಎಂದಿತು. ಕಟ್ಟು ಹೋಗಲಿಲ್ಲ, ಆದರೆ ಬಿಡಿಯಾಗಿ ಕೊಳ್ಳುವ ದಾರಿ ಕಾನೂನಿನಲ್ಲಿ ಬಂತು. ಓಟಿಟಿಗೆ ಆ ನಿಯಮ ಅನ್ವಯಿಸುವುದಿಲ್ಲ.

ಇನ್ನೂ ಹಿಂದೆ ಹೋದರೆ ವಿಡಿಯೋ ಕ್ಯಾಸೆಟ್ ಲೈಬ್ರರಿ. ಎಂಬತ್ತರ ದಶಕದಲ್ಲಿ ಬೀದಿಗೊಂದು ಇರುತ್ತಿತ್ತು. ಒಂದು ರಾತ್ರಿಗೆ ಇಷ್ಟು ಅಂತ ಕೊಟ್ಟು ಕ್ಯಾಸೆಟ್ ತರುವುದು, ಬೆಳಿಗ್ಗೆ ಹಿಂದಿರುಗಿಸುವುದು. ಅಂಗಡಿಯವನಿಗೆ ನಿಮ್ಮ ರುಚಿ ಗೊತ್ತು, ಕೇಳಿದರೆ ಹುಡುಕಿ ಕೊಡುತ್ತಿದ್ದ. ಕ್ಯಾಸೆಟ್ ಸವೆದು ಚಿತ್ರ ಕುಣಿಯುತ್ತಿತ್ತು ಅನ್ನುವುದನ್ನೂ ಮರೆಯಬಾರದು. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಒಂದು ಸಿನಿಮಾ ಬೇಕಾದವರಿಗೆ ಒಂದು ಸಿನಿಮಾ ಮಾರುವ ಪದ್ಧತಿ ಇತ್ತು ಅಂತ ಅಷ್ಟೇ.

ಅಡ್ಡದಾರಿ

ಎಲ್ಲ ಬಿಟ್ಟ ಮೇಲೆ ಮೊದಲು ಹಿಡಿದ ದಾರಿ ಒಳ್ಳೆಯದಾಗಿರಲಿಲ್ಲ. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಪಕ್ಕದ ಮನೆಯ ಕಾಲೇಜು ಹುಡುಗ "ಅಂಕಲ್, ಎಲ್ಲಾ ಫ್ರೀ" ಅಂತ ಟೆಲಿಗ್ರಾಂ ಗುಂಪೊಂದಕ್ಕೆ ಸೇರಿಸಿದ. ಟಿವಿಗೆ ಒಂದು ಆ್ಯಪ್ ಕೂಡ ಹಾಕಿಕೊಟ್ಟ. ಅದು ಪ್ಲೇಸ್ಟೋರಿನಿಂದ ಬಂದದ್ದಲ್ಲ, ಪೆನ್‌ಡ್ರೈವ್‌ನಿಂದ.

ಕೆಲವು ದಿನ ಮಜಾ ಇತ್ತು. ಐದು ಆ್ಯಪ್‌ಗಳ ಸರಕು ಒಂದೇ ಕಡೆ, ಹುಡುಕಿದರೆ ಸಿಗುತ್ತಿತ್ತು. ಜನ ಕಳ್ಳ ಪ್ರತಿಗೆ ಹೋಗುವುದು ಪುಕ್ಕಟೆ ಅಂತ ಮಾತ್ರ ಅಲ್ಲ, ಇದಕ್ಕೂ ಹೌದು. ಓಟಿಟಿ ಕಂಪನಿಗಳು ಕಳ್ಳರಿಂದ ಕಲಿಯಬೇಕಾದ ಪಾಠ ಇದೊಂದೇ: ಎಲ್ಲವೂ ಒಂದೇ ಪಟ್ಟಿಯಲ್ಲಿ ಸಿಗಬೇಕು.

ಆಮೇಲೆ ಒಂದೊಂದೇ ಬಣ್ಣ ಬಯಲಾಯಿತು. ಸಿನಿಮಾದ ನಡುವೆ ಬೆಟ್ಟಿಂಗ್ ಜಾಹೀರಾತು ತೆರೆಯ ಅಡ್ಡಲಾಗಿ ಓಡುತ್ತಿತ್ತು. ಥಿಯೇಟರಿನಲ್ಲಿ ಕದ್ದು ಚಿತ್ರಿಸಿದ ಪ್ರತಿಯಲ್ಲಿ ಮುಂದಿನ ಸಾಲಿನವರ ತಲೆ, ಕೆಮ್ಮು. ಮೊಮ್ಮಗಳು ಬಂದಾಗ ತೆರೆದ ಕಾರ್ಟೂನಿನ ಪಕ್ಕ ನೋಡಬಾರದ ಚಿತ್ರ ಬಂತು. ಅಳಿಯ ಆ ಆ್ಯಪ್‌ಗೆ ಏನೇನು ಅನುಮತಿ ಕೊಟ್ಟಿದ್ದಾರೆ ಅಂತ ಮಾವನ ಫೋನ್ ತೆಗೆದು ನೋಡಿದರು. ಫೋನಿನಲ್ಲೂ ಹುಡುಗ ಅದನ್ನೇ ಹಾಕಿದ್ದ. ಎಸ್‌ಎಂಎಸ್ ಓದುವ ಅನುಮತಿ ಇತ್ತು. ಪೆನ್ಷನ್ ಖಾತೆಯ ಒಟಿಪಿ ಬರುವುದು ಅದೇ ಫೋನಿಗೆ. ಅವತ್ತೇ ತೆಗೆದುಹಾಕಿ, ಪಾಸ್‌ವರ್ಡ್ ಬದಲಾಯಿಸಿದರು. ದುಡ್ಡೇನೂ ಹೋಗಿರಲಿಲ್ಲ.

ಕಾನೂನು ಏನು ಹೇಳುತ್ತದೆ ಅಂದರೆ, 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯ ಪ್ರಕಾರ ಥಿಯೇಟರಿನಲ್ಲಿ ಕದ್ದು ಚಿತ್ರಿಸುವುದು, ಹರಡುವುದು ಅಪರಾಧ. 3 ತಿಂಗಳಿಂದ 3 ವರ್ಷ ಜೈಲು. ದಂಡ ಕನಿಷ್ಠ 3 ಲಕ್ಷ, ಗರಿಷ್ಠ ಸಿನಿಮಾದ ಒಟ್ಟು ನಿರ್ಮಾಣ ವೆಚ್ಚದ ಶೇ. 5ರವರೆಗೆ. ಮನೆಯಲ್ಲಿ ಕೂತು ನೋಡುವ ಮುದುಕರನ್ನು ಹಿಡಿಯಲು ಬರೆದ ಕಾನೂನಲ್ಲ ಅದು. ಆದರೆ ಅವರು ನೋಡಿದ ಪ್ರತಿ ಹುಟ್ಟುವುದು ಅದೇ ಅಪರಾಧದಿಂದ. ಇನ್ನೊಂದು ಮಾತು: ದೊಡ್ಡ ಬಜೆಟ್ಟಿನ ಸಿನಿಮಾಕ್ಕೆ ಕಳ್ಳ ಪ್ರತಿ ಒಂದು ಗಾಯ ಮಾಡಬಹುದು. ಓಟಿಟಿಯವರು ಕೊಳ್ಳುತ್ತಾರೋ ಇಲ್ಲವೋ ಅಂತ ಕಾಯುವ ಸಣ್ಣ ಕನ್ನಡ ಸಿನಿಮಾಕ್ಕೆ ಅದು ಜೀವಕ್ಕೇ ಬರುತ್ತದೆ.

ಈಗ ಹಿಡಿದಿರುವ ದಾರಿ

ಕೇಬಲ್ ಹಾಗೇ ಇದೆ. ಅದನ್ನು ತೆಗೆದು ಡಿಡಿ ಫ್ರೀ ಡಿಶ್ ಹಾಕಿಸೋಣ ಅಂತ ಮಾವ ಹೇಳಿ ನೋಡಿದರು. 2004ರಲ್ಲಿ ಶುರುವಾದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ, ಡಿಶ್ ಮತ್ತು ಪೆಟ್ಟಿಗೆಗೆ ಒಮ್ಮೆ ಕೊಟ್ಟರೆ ಮುಗಿಯಿತು. ಚಂದನ ಬರುತ್ತದೆ. ಆದರೆ ಅತ್ತೆಯ ಧಾರಾವಾಹಿ ಬರುವುದಿಲ್ಲ. ಮಾತು ಅಲ್ಲಿಗೆ ಮುಗಿಯಿತು. ಪ್ರಸಾರ ಭಾರತಿಯದೇ ಓಟಿಟಿ 'ವೇವ್ಸ್' 2024ರ ನವೆಂಬರ್ 20ರಂದು ಗೋವಾ ಚಿತ್ರೋತ್ಸವದಲ್ಲಿ ಶುರುವಾಯಿತು. ಮಾವ ಅದನ್ನು ಹಾಕಿಕೊಂಡಿದ್ದಾರೆ, ದೂರದರ್ಶನದ ಹಳೇ ಕಾರ್ಯಕ್ರಮಗಳಿಗಾಗಿ.

ಯೂಟ್ಯೂಬ್‌ನಲ್ಲಿ ಹಳೇ ಕನ್ನಡ ಸಿನಿಮಾಗಳ ದೊಡ್ಡ ಭಂಡಾರ ಇದೆ. ಹಿಂದೆ ಕ್ಯಾಸೆಟ್, ಸಿಡಿ ಹಕ್ಕು ಕೊಂಡಿದ್ದ ಕಂಪನಿಗಳು ಅವನ್ನು ತಮ್ಮದೇ ಚಾನೆಲ್‌ನಲ್ಲಿ ಹಾಕಿವೆ. ಎಪ್ಪತ್ತರ ದಶಕದ ಕಪ್ಪು-ಬಿಳುಪು ಚಿತ್ರಗಳು ಯಾವ ದುಡ್ಡಿನ ಆ್ಯಪ್‌ನಲ್ಲೂ ಇಷ್ಟು ಸಿಗುವುದಿಲ್ಲ. ಜಾಹೀರಾತು ಮಾತ್ರ ಬೇಸರ ಬರಿಸುವಷ್ಟು ಬರುತ್ತದೆ. ತಿಂಗಳಿಗೆ 149 ಕೊಟ್ಟರೆ ಅದೂ ಹೋಗುತ್ತದೆ ಅಂತ ಮಗಳು ಹೇಳಿದಳು. ಮಾವ ಒಪ್ಪಲಿಲ್ಲ. ಪುಕ್ಕಟೆ ಕೊಟ್ಟವನು ಜಾಹೀರಾತು ಹಾಕಿದರೆ ತಪ್ಪೇನು ಅನ್ನುವುದು ಅವರ ವಾದ. ದುಡ್ಡು ಇಸಿದುಕೊಂಡು ಜಾಹೀರಾತು ಹಾಕುವವರ ಮೇಲೆ ಮಾತ್ರ ಅವರಿಗೆ ಸಿಟ್ಟು.

ವಾರಾಂತ್ಯದ ಹೊಸ ಸಿನಿಮಾಕ್ಕೆ ಈಗ ಬಾಡಿಗೆ ಪದ್ಧತಿ. ಇದು ಇದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಯೂಟ್ಯೂಬ್‌ನಲ್ಲಿ ಕೆಲವು ಸಿನಿಮಾ ಬಾಡಿಗೆಗೆ ಸಿಗುತ್ತವೆ. ಪ್ರೈಮ್ ವಿಡಿಯೋ 2022ರ ಏಪ್ರಿಲ್‌ನಲ್ಲಿ ಭಾರತದಲ್ಲಿ ಬಾಡಿಗೆ ಅಂಗಡಿ ತೆರೆಯಿತು. ಶುರುವಿನಲ್ಲಿ ಬೆಲೆ 69ರಿಂದ 499ರವರೆಗೆ ಇತ್ತು. ವಾರ್ಷಿಕ ಸದಸ್ಯತ್ವ ಬೇಕಾಗಿಲ್ಲ. ಮರುತಿಂಗಳೇ 'ಕೆ.ಜಿ.ಎಫ್ ಚಾಪ್ಟರ್ 2' ಅಲ್ಲಿ 199ಕ್ಕೆ ಬಾಡಿಗೆಗೆ ಬಂತು. ಬಾಡಿಗೆಗೆ ತೆಗೆದುಕೊಂಡ ಮೇಲೆ ನೋಡಲು ಶುರುಮಾಡಲು 30 ದಿನ, ಶುರುಮಾಡಿದ ಮೇಲೆ ಮುಗಿಸಲು 48 ಗಂಟೆ. ಈ 48 ಗಂಟೆ ಅತ್ತೆಗೆಂದೇ ಮಾಡಿದ ಹಾಗಿದೆ. ಶನಿವಾರ ಅರ್ಧ ನೋಡಿ ಮಲಗುತ್ತಾರೆ, ಭಾನುವಾರ ಊಟವಾದ ಮೇಲೆ ಉಳಿದರ್ಧ.

ಸಿನಿಮಾ ಮಾಡಿದವರಿಗೇ ನೇರ ದುಡ್ಡು ಕೊಟ್ಟ ಅನುಭವವೂ ಒಂದಾಯಿತು. ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್‌ನ 'ಏಕಂ' ಕರಾವಳಿಯ ಏಳು ಕಥೆಗಳ ಸರಣಿ. ಮುಗಿದು ಸಿದ್ಧವಾದ ಮೇಲೂ ಯಾವ ಓಟಿಟಿಯೂ ಅದನ್ನು ಕೊಳ್ಳಲು ಮುಂದೆ ಬರಲಿಲ್ಲ. ಕೊನೆಗೆ 2024ರ ಜುಲೈ 13ರಂದು ತಮ್ಮದೇ ವೆಬ್‌ಸೈಟಿನಲ್ಲಿ 149 ರೂಪಾಯಿಗೆ ಬಿಡುಗಡೆ ಮಾಡಿದರು. ಮಗಳ ಲ್ಯಾಪ್‌ಟಾಪ್‌ನಿಂದ ಟಿವಿಗೆ ವೈರ್ ಹಾಕಿ ಮನೆಯವರೆಲ್ಲ ನೋಡಿದರು. ಐದು ಆ್ಯಪ್ ಇದ್ದ ಕಾಲದ ಮಾತಿದು. ಬೇಕಾದದ್ದು ಐದರಲ್ಲೂ ಇರಲಿಲ್ಲ ಅನ್ನುವುದನ್ನು ಮಾವ ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದಾರೆ.

ಕೇರಳದವರು ಇದನ್ನು ಸರ್ಕಾರದ ಕಡೆಯಿಂದಲೇ ಮಾಡಿದ್ದಾರೆ. 2024ರ ಮಾರ್ಚ್ 7ರಂದು ಅಲ್ಲಿನ ಚಲನಚಿತ್ರ ಅಭಿವೃದ್ಧಿ ನಿಗಮ 'ಸಿ-ಸ್ಪೇಸ್' ತೆರೆಯಿತು. ಅಲ್ಲಿ ಸದಸ್ಯತ್ವದ ಮಾತಿಲ್ಲ. ಒಂದು ಸಿನಿಮಾಕ್ಕೆ 75 ರೂಪಾಯಿ, ನೋಡಿದ್ದಕ್ಕೆ ಮಾತ್ರ ದುಡ್ಡು, ಅದರಲ್ಲಿ ಅರ್ಧ ಸಿನಿಮಾದವರಿಗೆ. ಸರಿಯಾಗಿ ಒಂದು ವರ್ಷದ ನಂತರ, 2025ರ ಮಾರ್ಚ್ 7ರಂದು ಮಂಡಿಸಿದ ಕರ್ನಾಟಕ ಬಜೆಟ್ಟಿನಲ್ಲೂ ಕನ್ನಡ ಸಿನಿಮಾಗಳಿಗೆ ಒಂದು ಓಟಿಟಿ ಮಾಡುವ ಘೋಷಣೆ ಬಂತು. ಮಾಡುವುದಾದರೆ ದಯವಿಟ್ಟು ವಾರ್ಷಿಕ ಚಂದಾ ಇಡಬೇಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಬಿಡಿ ಸಿನಿಮಾಕ್ಕೆ ಬಿಡಿ ಬೆಲೆ ಇಡಿ. ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರ ಹೊಡೆದರೆ ಸಿಗುವ ಹಾಗೆ ಮಾಡಿ. ಇವೆರಡಾದರೆ ಅರ್ಧ ಗೆದ್ದಂತೆ.

ಥಿಯೇಟರು ಕೂಡ ಪರ್ಯಾಯವೇ. ಆದರೆ ಮೈಸೂರಿನಲ್ಲಿ ಹಳೇ ಥಿಯೇಟರುಗಳು ಒಂದೊಂದೇ ಮುಚ್ಚಿದವು. ಶಾಂತಲಾ 2020ರಲ್ಲಿ ಹೋಯಿತು. ಮಲ್ಟಿಪ್ಲೆಕ್ಸಿಗೆ ಇಬ್ಬರು ಹೋದರೆ ಬಾಡಿಗೆಯ ನಾಲ್ಕೈದು ಸಿನಿಮಾದ ಖರ್ಚು. ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್ 12ರಂದು ಅಧಿಸೂಚನೆ ಹೊರಡಿಸಿತು. ಹನ್ನೊಂದು ದಿನಕ್ಕೆ ಹೈಕೋರ್ಟ್ ತಡೆ ಕೊಟ್ಟಿತು.

ಲೆಕ್ಕ ಈಗ ಎಲ್ಲಿಗೆ ಬಂದಿದೆ

ಹೊಸ ಪದ್ಧತಿಯಲ್ಲಿ ಓಟಿಟಿಯ ಖರ್ಚು ಹಿಂದಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಅದಕ್ಕಿಂತ ದೊಡ್ಡ ಬದಲಾವಣೆ ಅಂದರೆ ದುಡ್ಡು ಮಾವನ ಫೋನಿನಿಂದಲೇ ಹೋಗುತ್ತದೆ. ಸಂದೇಶವೂ ಅದೇ ಫೋನಿಗೆ ಬರುತ್ತದೆ. ಯುಪಿಐ ಆ್ಯಪ್‌ನ ಒಳಗೆ ಆಟೋಪೇ ಅಥವಾ ಮ್ಯಾಂಡೇಟ್ ಅನ್ನುವ ಪಟ್ಟಿ ಇರುತ್ತದೆ. ಓಟಿಟಿಯ ಪುಟಗಳನ್ನು ದಾಟುವ ಕೆಲಸವೇ ಇಲ್ಲ, ಅಲ್ಲೇ ನಿಲ್ಲಿಸಬಹುದು. ಅಳಿಯ ತೋರಿಸಿಕೊಟ್ಟ ಈ ಒಂದು ಜಾಗ ಮಾವನಿಗೆ ಉಳಿದೆಲ್ಲ ಸಲಹೆಗಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಎಲ್ಲವೂ ಸರಿಹೋಗಿಲ್ಲ. ಬಾಡಿಗೆಗೆ ಸಿಗುವ ಕನ್ನಡ ಸಿನಿಮಾ ಕಡಿಮೆ. ಹೊಸ ಸಿನಿಮಾವೊಂದು ಚಂದಾದಾರರಿಗೆ ಮಾತ್ರ ಅಂತ ಯಾವುದೋ ಆ್ಯಪ್‌ನಲ್ಲಿ ಕೂತರೆ ಇವರಿಗೆ ದಾರಿಯಿಲ್ಲ. ಆಗ ಆ ಆ್ಯಪ್‌ಗೆ ಒಂದು ತಿಂಗಳು ಮಾತ್ರ ಕಟ್ಟಿ, ಬಾಕಿಯಿದ್ದದ್ದನ್ನೆಲ್ಲ ಆ ತಿಂಗಳಲ್ಲೇ ನೋಡಿ ಬಿಡುತ್ತಾರೆ. ಚಂದಾ ತೆಗೆದುಕೊಂಡ ದಿನವೇ ಆಟೋಪೇ ನಿಲ್ಲಿಸುತ್ತಾರೆ. ಇದಕ್ಕೆ ಯಾರಾದರೂ ಕೂತು ಕ್ಯಾಲೆಂಡರ್ ನೋಡಿಕೊಳ್ಳಬೇಕು. ನಿವೃತ್ತ ಗಣಿತ ಮೇಷ್ಟ್ರಿಗೆ ಅದು ಖುಷಿಯ ಕೆಲಸ. ಇಬ್ಬರೂ ಕೆಲಸಕ್ಕೆ ಹೋಗುವ ಮಗಳ ಮನೆಯಲ್ಲಿ ಇದು ನಡೆಯುವುದಿಲ್ಲ. ಅವಳು ಬೆಂಗಳೂರಿನಲ್ಲಿ ಈಗಲೂ ಮೂರು ಆ್ಯಪ್ ಕಟ್ಟುತ್ತಿದ್ದಾಳೆ.

ಮೊಮ್ಮಗಳ ವಿಷಯದಲ್ಲಿ ಮಾವ ಸೋತಿದ್ದಾರೆ. ಯೂಟ್ಯೂಬ್‌ನಲ್ಲಿ ಮಗುವನ್ನು ಒಂಟಿಯಾಗಿ ಬಿಡುವುದು ಬೇಡ, ಯಾವುದರಿಂದ ಯಾವುದಕ್ಕೆ ಹೋಗುತ್ತದೋ ಗೊತ್ತಾಗುವುದಿಲ್ಲ ಅಂತ ಮಗಳು ಪಟ್ಟು ಹಿಡಿದಳು. ಅವಳ ಮಾತಿನಲ್ಲಿ ಹುರುಳಿದೆ. ಬೇಸಿಗೆ ರಜೆಯ ಎರಡು ತಿಂಗಳಿಗೆ ಮಕ್ಕಳ ಕಾರ್ಟೂನಿನ ಆ್ಯಪ್ ಮೈಸೂರಿನ ಟಿವಿಗೆ ವಾಪಸ್ ಬರುತ್ತದೆ ಅಂತ ಒಪ್ಪಂದವಾಗಿದೆ. ಐಪಿಎಲ್ ಬರುವುದೂ ಅದೇ ಎರಡು ತಿಂಗಳಲ್ಲಿ. ಹಾಗಾಗಿ ಈ ಮನೆಯ ಓಟಿಟಿ ಖರ್ಚು ಹೆಚ್ಚಾಗಿ ಈಗ ಏಪ್ರಿಲ್, ಮೇ ತಿಂಗಳಿಗೆ ಬಂದು ಕೂತಿದೆ. ಅದೇ ಹೊತ್ತಿಗೆ ಮಾವಿನಹಣ್ಣಿನ ಖರ್ಚೂ ಇರುತ್ತದಲ್ಲ ಅಂತ ಅತ್ತೆ ಗೊಣಗುತ್ತಿದ್ದಾರೆ.